ಬೆರಳಗಲದ ಮೂಲ ಬಣ್ಣ

ಎಂಬತ್ತರ ದಶಕದ ಆರ್ಕೇಡ್ ಆಟಗಳನ್ನು ಮನೆಯಲ್ಲಿ ಆಡುವುದು ಈಗ ಸುಲಭ. ಆ ಆಟಗಳನ್ನು ಹೊತ್ತಿದ್ದ ಪೆಟ್ಟಿಗೆಯ ಚಿತ್ರಗಳನ್ನು ಮತ್ತೆ ಅಚ್ಚು ಹಾಕುವುದು ಮಾತ್ರ ಇಂದಿಗೂ ತಾಳ್ಮೆಯ ಕಸುಬು.

ನಾಣ್ಯ ಹಾಕಿ ಆಡುವ ಹಳೆಯ ಆರ್ಕೇಡ್ ಯಂತ್ರದ ನೆತ್ತಿಯ ಮೇಲೆ, ಹಿಂದಿನಿಂದ ಟ್ಯೂಬ್‌ಲೈಟ್ ಬೆಳಗುವ ಹೆಸರಿನ ಫಲಕವೊಂದು ಇರುತ್ತದೆ. ಇದರ ಹೆಸರು ಮಾರ್ಕೀ. ಅದನ್ನು ಮೇಲೂ ಕೆಳಗೂ ಹಿಡಿದಿಟ್ಟ ಲೋಹದ ಪಟ್ಟಿಗಳ ಸ್ಕ್ರೂ ಬಿಚ್ಚಿ ಎತ್ತಿದರೆ, ಪಟ್ಟಿಯ ಅಡಿಯಲ್ಲಿ ಬೆರಳಗಲದ ಗೆರೆ ಕಾಣುತ್ತದೆ. ಫಲಕದ ಉಳಿದ ಭಾಗವೆಲ್ಲ ಒಗೆದು ಒಗೆದು ಬಿಳಿಚಿದ ಬಟ್ಟೆಯಂತಾಗಿದ್ದರೂ ಆ ಗೆರೆಯ ಕೆಂಪು ಮಾತ್ರ ಈಗಷ್ಟೇ ಇಟ್ಟ ಕುಂಕುಮದ ಹಾಗಿರುತ್ತದೆ. ನಲವತ್ತು ವರ್ಷ ಬಿಸಿಲು ಬಾರದ ಜಾಗ ಅದು.

ಹಳೆಯ ಆಟದ ಪೆಟ್ಟಿಗೆಗಳನ್ನು ರಿಪೇರಿ ಮಾಡುವವರಿಗೆ, ಅಂಥದ್ದನ್ನೇ ಹೊಸದಾಗಿ ಕಟ್ಟುವವರಿಗೆ ಈ ಗೆರೆ ನಿಧಿ ಸಿಕ್ಕಂತೆ. ಈ ಹವ್ಯಾಸದ ತವರು ಅಮೆರಿಕ. ಅಲ್ಲಿನ ಗ್ಯಾರೇಜು, ನೆಲಮಾಳಿಗೆಗಳಲ್ಲಿ ಜನ ರಜಾದಿನಗಳನ್ನು ಪ್ಲೈವುಡ್ ಕೊಯ್ಯುವುದರಲ್ಲಿ, ಉಜ್ಜುಕಾಗದ ತಿಕ್ಕುವುದರಲ್ಲಿ ಕಳೆಯುತ್ತಾರೆ. ಆಟದ ಚಿಂತೆ ಅವರಿಗಿಲ್ಲ. ಇಟಲಿಯ ನಿಕೋಲಾ ಸಾಲ್ಮೋರಿಯಾ 1997ರಲ್ಲಿ ಹೊರತಂದ ‘ಮೇಮ್’ ಎಂಬ ತಂತ್ರಾಂಶ ಹಳೆಯ ಆರ್ಕೇಡ್ ಬೋರ್ಡುಗಳ ನಡವಳಿಕೆಯನ್ನು ಸಾಮಾನ್ಯ ಕಂಪ್ಯೂಟರಿನಲ್ಲೇ ಅನುಕರಿಸುತ್ತದೆ. 2012ರಲ್ಲಿ ಬಂದ ರಾಸ್ಪ್‌ಬೆರಿ ಪೈ ಆ ಕಂಪ್ಯೂಟರನ್ನೂ ಅಂಗೈಯಗಲಕ್ಕೆ ಇಳಿಸಿತು. ಪೆಟ್ಟಿಗೆಯ ಹೊಟ್ಟೆ ತುಂಬಿದ್ದ ತಂತಿ, ಬೋರ್ಡುಗಳ ಜಾಗದಲ್ಲಿ ಈಗ ಬಿಸ್ಕತ್ತಿನ ಪೊಟ್ಟಣದಷ್ಟು ಸಾಮಾನು.

ಅಲ್ಲೇ ಒಂದು ತೊಡಕೂ ಇದೆ. ಅದೇ ಚಿಕ್ಕ ಬೋರ್ಡು ಪ್ಯಾಕ್‌ಮ್ಯಾನನ್ನೂ ಆಡಿಸುತ್ತದೆ, ಡಾಂಕಿ ಕಾಂಗನ್ನೂ ಆಡಿಸುತ್ತದೆ. ಹಾಗಾದರೆ ಎದುರಿಗೆ ನಿಂತಿರುವುದು ಪ್ಯಾಕ್‌ಮ್ಯಾನ್ ಯಂತ್ರ ಎಂದು ಹೇಳುವುದು ಯಾವುದು? ಮೈಮೇಲಿನ ಚಿತ್ರ, ಅಷ್ಟೆ. ಎರಡು ಬದಿಯ ಚಿತ್ರ, ನೆತ್ತಿಯ ಮಾರ್ಕೀ, ಪರದೆಯ ಸುತ್ತಲಿನ ಚೌಕಟ್ಟಾದ ಬೆಜೆಲ್, ಕೈಯೂರುವ ಕಂಟ್ರೋಲ್ ಪ್ಯಾನೆಲ್‌ನ ಹೊದಿಕೆ. ಇವಿಲ್ಲದಿದ್ದರೆ ಅದು ಬಟನ್ ಹಾಕಿಸಿಕೊಂಡ ಬೀರು.

ಪರದೆಗೆ ಆಗದ್ದನ್ನು ಪೆಟ್ಟಿಗೆ ಹೇಳಿತು

ಈ ಚಿತ್ರಗಳಿಗೆ ಇಷ್ಟು ಮರ್ಯಾದೆ ಯಾಕೆ ಎಂಬುದು ತಿಳಿಯಬೇಕಾದರೆ ಆ ಕಾಲದ ಪರದೆ ಎಷ್ಟು ಬಡವಾಗಿತ್ತು ಎಂಬುದನ್ನು ನೆನೆಯಬೇಕು. 1972ರ ಅಟಾರಿಯ ‘ಪಾಂಗ್’ನಲ್ಲಿ ಇದ್ದದ್ದು ಎರಡು ಗೀಟು, ಒಂದು ಚುಕ್ಕೆ. 1978ರಲ್ಲಿ ಜಪಾನಿನ ಟೈಟೊ ಕಂಪನಿಯ ತೊಮೊಹಿರೊ ನಿಶಿಕಾದೊ ರೂಪಿಸಿದ ‘ಸ್ಪೇಸ್ ಇನ್ವೇಡರ್ಸ್’ನ ಪರದೆ ಕಪ್ಪು-ಬಿಳುಪಿನದು. ಬಣ್ಣ ಬಂದದ್ದು ಮೇಲೆ ಅಂಟಿಸಿದ ಬಣ್ಣದ ಪಾರದರ್ಶಕ ಪಟ್ಟಿಗಳಿಂದ. ಅಮೆರಿಕದಲ್ಲಿ ಆ ಆಟವನ್ನು ತಯಾರಿಸಿದ ಮಿಡ್‌ವೇ ಕಂಪನಿಯ ಪೆಟ್ಟಿಗೆಯೊಳಗೆ ಪರದೆ ಅಂಗಾತ ಮಲಗಿರುತ್ತಿತ್ತು. ಅದರ ಬಿಂಬ ಕನ್ನಡಿಯಲ್ಲಿ ಮೂಡಿ, ಹಿಂದೆ ಇಟ್ಟ ಚಂದ್ರನ ನೆಲದ ಚಿತ್ರದ ಮೇಲೆ ತೇಲಿದಂತೆ ಕಾಣುತ್ತಿತ್ತು. ಅಂದರೆ ಆಟಗಾರ ನೋಡುತ್ತಿದ್ದ ಚಂದ್ರ ಕಂಪ್ಯೂಟರಿನಿಂದ ಬಂದದ್ದಲ್ಲ, ಮುದ್ರಣಾಲಯದಿಂದ ಬಂದದ್ದು.

ಅದೇ ಪೆಟ್ಟಿಗೆಯ ಬದಿಯಲ್ಲಿ ಮೈತುಂಬ ಕೂದಲಿನ ರಾಕ್ಷಸರು. ಆಟದೊಳಗೆ ಹುಡುಕಿದರೆ ಅಂಥವರು ಒಬ್ಬರೂ ಇಲ್ಲ. ಅಲ್ಲಿರುವುದು ಏಡಿಯಂಥ ಚುಕ್ಕಿ ಗುಂಪುಗಳು. ಟೂರಿಂಗ್ ಟಾಕೀಸಿನ ಪೋಸ್ಟರಿನಲ್ಲಿ ಹುಲಿಯೊಡನೆ ಕುಸ್ತಿ ಹಿಡಿದಿದ್ದ ನಾಯಕ ಸಿನಿಮಾದೊಳಗೆ ಹುಲಿಯ ಹತ್ತಿರವೂ ಸುಳಿಯದಿದ್ದರೆ ನಮ್ಮ ಹಳ್ಳಿಯ ಪ್ರೇಕ್ಷಕ ಬೇಸರಿಸುತ್ತಿರಲಿಲ್ಲ. ಪೋಸ್ಟರು ಕೊಟ್ಟ ಹುಲಿಯನ್ನು ಮನಸ್ಸಿನಲ್ಲೇ ಕರೆದುಕೊಂಡು ಒಳಗೆ ಹೋಗುತ್ತಿದ್ದ. ಆರ್ಕೇಡ್ ಚಿತ್ರದ ಕೆಲಸವೂ ಅದೇ. ಪರದೆ ಚುಕ್ಕಿ ಇಡುತ್ತಿತ್ತು, ಪೆಟ್ಟಿಗೆ ರಂಗೋಲಿ ತುಂಬುತ್ತಿತ್ತು.

1980ರಲ್ಲಿ ನಾಮ್ಕೊದ ತೊರು ಇವಾತಾನಿ ಮಾಡಿದ ಆಟದ ನಾಯಕ ಪರದೆಯ ಮೇಲೆ ಒಂದು ತುಂಡು ಕತ್ತರಿಸಿ ತೆಗೆದ ಹಳದಿ ವೃತ್ತ ಮಾತ್ರ. ಅಮೆರಿಕದ ಹಳದಿ ಪೆಟ್ಟಿಗೆಯ ಮೇಲೆ ಅವನಿಗೆ ಕಣ್ಣು ಬಂತು, ಕಾಲು ಬಂತು. ಹೆಸರೂ ಬದಲಾಯಿತು. ಜಪಾನಿನಲ್ಲಿ ಅವನು ‘ಪಕ್‌ಮ್ಯಾನ್’. ಆ ಹೆಸರಿನ ಮೊದಲ ಇಂಗ್ಲಿಷ್ ಅಕ್ಷರವನ್ನು ಪಡ್ಡೆ ಹುಡುಗರು ಕೊಂಚ ಕೆರೆದರೂ ಅದು ಬೈಗುಳವಾಗುತ್ತದೆ ಎಂಬ ಅಂಜಿಕೆಯಿಂದ ಅಮೆರಿಕದಲ್ಲಿ ಅವನು ‘ಪ್ಯಾಕ್‌ಮ್ಯಾನ್’ ಆದ. ಜಗತ್ತಿಗೆ ಗೊತ್ತಿರುವ ಹೆಸರೊಂದು ಮಾರ್ಕೀ ಮೇಲಿನ ಬಣ್ಣ ಕೆರೆದುಹೋಗಬಹುದೆಂಬ ಲೆಕ್ಕದಿಂದ ಹುಟ್ಟಿತು.

ಕೆಂಪೋ, ನೀಲಿಯೋ

ಮೂಲದಂತೆಯೇ ಮಾಡುತ್ತೇನೆ ಎಂದು ಹೊರಟವನಿಗೆ ಎದುರಾಗುವ ಮೊದಲ ಪ್ರಶ್ನೆ: ಯಾವ ಮೂಲ? ಇದಕ್ಕೆ ‘ಡಾಂಕಿ ಕಾಂಗ್’ನಷ್ಟು ಒಳ್ಳೆಯ ಪಾಠ ಇನ್ನೊಂದಿಲ್ಲ.

ನಿಂಟೆಂಡೊ ಕಂಪನಿಯ ಅಮೆರಿಕದ ಶಾಖೆಯನ್ನು ನೋಡಿಕೊಳ್ಳುತ್ತಿದ್ದ ಮಿನೊರು ಅರಕಾವಾ ‘ರೇಡಾರ್ ಸ್ಕೋಪ್’ ಎಂಬ ಆಟದ 3,000 ಯಂತ್ರಗಳನ್ನು ಜಪಾನಿನಿಂದ ತರಿಸಿದ್ದರು. ಸುಮಾರು 1,000 ಮಾರಾಟವಾಗಿ ಉಳಿದದ್ದು ಗೋದಾಮಿನಲ್ಲಿ ಕೊಳೆಯತೊಡಗಿತು. ಅದೇ ಯಂತ್ರದೊಳಗೆ ಹಾಕಬಹುದಾದ ಹೊಸ ಆಟವೊಂದನ್ನು ಮಾಡಿಕೊಡುವ ಹೊಣೆ ಕಂಪನಿಯ ಯುವ ಕಲಾವಿದ ಶಿಗೆರು ಮಿಯಾಮೊಟೊ ಹೆಗಲಿಗೆ ಬಿತ್ತು. 1981ರಲ್ಲಿ ಡಾಂಕಿ ಕಾಂಗ್ ಹುಟ್ಟಿದ್ದು ಹೀಗೆ. ಸಿಯಾಟಲ್ ಪಕ್ಕದ ಟಕ್‌ವಿಲಾದ ಗೋದಾಮಿನಲ್ಲಿ ಅರಕಾವಾ, ಅವರ ಪತ್ನಿ ಮತ್ತು ಕೈಬೆರಳೆಣಿಕೆಯ ಸಿಬ್ಬಂದಿ ಕೂತು ಹಳೆಯ ಬೋರ್ಡು ಕಿತ್ತು ಹೊಸದು ಕೂರಿಸಿದರು, ಹೊಸ ಚಿತ್ರ ಹಚ್ಚಿದರು. ರೇಡಾರ್ ಸ್ಕೋಪ್ ಪೆಟ್ಟಿಗೆಗಳ ಬಣ್ಣ ಕೆಂಪು. ಹಾಗಾಗಿ ಅಮೆರಿಕದ ಮೊದಲ ಡಾಂಕಿ ಕಾಂಗ್‌ಗಳೂ ಕೆಂಪು. ಆಟ ಹುಚ್ಚೆದ್ದು ಓಡಿ, ಬೇಡಿಕೆಗೆಂದೇ ಹೊಸ ಪೆಟ್ಟಿಗೆ ತಯಾರಾದಾಗ ಅವು ನೀಲಿಯಾದವು.

ಇವತ್ತು ಸಂಗ್ರಹಕಾರರು ಹೆಚ್ಚು ಹಂಬಲಿಸುವುದು ಅಪರೂಪದ ಆ ಕೆಂಪು ಪೆಟ್ಟಿಗೆಗೆ. ಅದನ್ನೇ ಮೂಲ ಎನ್ನುತ್ತಾರೆ. ಆದರೆ ಆ ಮೂಲವೇ ಸೋತ ಆಟದ ಮೇಲೆ ಸ್ಟಿಕ್ಕರ್ ಹಚ್ಚಿ ಮುಚ್ಚಿದ ತೇಪೆ! ಗ್ಯಾರೇಜಿನಲ್ಲಿ ಕೂತು ಪೆಟ್ಟಿಗೆಗೆ ಸ್ಟಿಕ್ಕರ್ ಹಚ್ಚುವ ಇಂದಿನ ಹವ್ಯಾಸಿಗೂ ಟಕ್‌ವಿಲಾದ ಗೋದಾಮಿನಲ್ಲಿ ಕೂತವರಿಗೂ ಕೈಕೆಲಸದಲ್ಲಿ ಅಂಥ ವ್ಯತ್ಯಾಸವಿಲ್ಲ. ವ್ಯತ್ಯಾಸ ಇರುವುದು ಉದ್ದೇಶದಲ್ಲಿ. ಅವರು ಹಳೆಯದನ್ನು ಮುಚ್ಚಲು ಹಚ್ಚಿದರು, ಇವರು ಹಳೆಯದನ್ನು ತೋರಿಸಲು ಹಚ್ಚುತ್ತಾರೆ.

ಮುಚ್ಚುವ ಕೆಲಸ ಆಮೇಲೂ ನಡೆಯಿತು, ದೊಡ್ಡ ಪ್ರಮಾಣದಲ್ಲಿ. 1983ರ ಹೊತ್ತಿಗೆ ಅಮೆರಿಕದ ವಿಡಿಯೊ ಗೇಮ್ ವ್ಯಾಪಾರ ಕುಸಿಯಿತು. ನಾಣ್ಯ ಹುಟ್ಟಿಸದ ಯಂತ್ರವನ್ನು ಎಸೆಯುವುದಕ್ಕಿಂತ ಒಳಗಿನ ಆಟ ಬದಲಿಸುವುದು ಅಗ್ಗ. 1985ರಲ್ಲಿ ಬಂದ ಜಾಮಾ ಎಂಬ ಏಕರೂಪದ ಜೋಡಣೆಯಿಂದ ಬೋರ್ಡು ಬದಲಾವಣೆ ಇನ್ನೂ ಸಲೀಸಾಯಿತು. ಬದಿಯ ಚಿತ್ರಕ್ಕೆ ಕಪ್ಪು ಬಣ್ಣ ಬಳಿದು, ಹೊಸ ಮಾರ್ಕೀ ಸಿಕ್ಕಿಸಿದರೆ ಯಂತ್ರ ಮತ್ತೆ ದುಡಿಮೆಗೆ ಸಿದ್ಧ. ಇದರ ಮೇಲೆ ಬಿಸಿಲು, ಕಂಟ್ರೋಲ್ ಪ್ಯಾನೆಲ್ ಅಂಚಿನಲ್ಲಿ ಇಟ್ಟು ಮರೆತ ಸಿಗರೇಟಿನ ಸುಟ್ಟ ಕಲೆ, ನೆಲ ಒರೆಸುವ ನೀರು ಕುಡಿದು ಉಬ್ಬಿದ ಪಾರ್ಟಿಕಲ್ ಬೋರ್ಡಿನ ಬುಡ. ಹಳೆಯ ಪೆಟ್ಟಿಗೆ ಕೊಂಡವರು ಕಪ್ಪು ಬಣ್ಣವನ್ನು ಇಂಚಿಂಚಾಗಿ ಕೆರೆಯುತ್ತ ಹೋದಾಗ ಅಡಿಯಿಂದ ಮೂಲ ಚಿತ್ರ ಎದ್ದು ಬರುವುದುಂಟು. ಕೆರೆದಷ್ಟೂ ಬರೀ ಮರ ಬರುವುದೂ ಉಂಟು. ಆಗ ಉಳಿಯುವ ದಾರಿ ಒಂದೇ: ಹೊಸದಾಗಿ ಅಚ್ಚು ಹಾಕುವುದು.

ಸ್ಕ್ಯಾನರಿನಿಂದ ಗೆರೆಗೆ

‘ಚಿತ್ರ ಸಿಕ್ಕಿತಲ್ಲ, ಪ್ರಿಂಟ್ ತೆಗೆದರಾಯಿತು’ ಎನ್ನುವವರಿಗೆ ಒಂದು ಲೆಕ್ಕ. ಪೆಟ್ಟಿಗೆಯ ಒಂದು ಬದಿ ಆರು ಅಡಿ ಎತ್ತರ, ಎರಡೂವರೆ ಅಡಿ ಅಗಲ ಎಂದುಕೊಳ್ಳಿ. ಕೊಂಚ ದೂರದಿಂದ ನೋಡುವ ಚಿತ್ರವಾದ್ದರಿಂದ ಇಂಚಿಗೆ 150 ಚುಕ್ಕೆ ಸಾಕು. ಹಾಗಿದ್ದೂ 10,800 ಚುಕ್ಕೆ ಎತ್ತರ, 4,500 ಚುಕ್ಕೆ ಅಗಲದ ಕಡತ ಬೇಕು. ಮೊಬೈಲಿನಲ್ಲಿ ತೆಗೆದ ಫೋಟೊ ಹಿಗ್ಗಿಸಿದರೆ ರಾಕ್ಷಸನ ಮೂಗು ಮೊಸರನ್ನದಂತೆ ಹರಡುತ್ತದೆ. ಲೆನ್ಸು ಅಂಚುಗಳನ್ನು ಬಾಗಿಸುವುದರಿಂದ ಅಳತೆಯೂ ತಪ್ಪುತ್ತದೆ.

ಆದ್ದರಿಂದ ಬಲ್ಲವರು ಮೂಲ ಚಿತ್ರವನ್ನು ಸ್ಕ್ಯಾನರಿನ ಗಾಜಿನ ಮೇಲೆ ತುಂಡುತುಂಡಾಗಿ ಇಟ್ಟು, ಒಂದರ ಅಂಚು ಇನ್ನೊಂದರ ಮೇಲೆ ಬರುವಂತೆ ಹತ್ತಾರು ಸ್ಕ್ಯಾನ್ ತೆಗೆದು ಹೊಲಿಯುತ್ತಾರೆ. ಆಮೇಲೆ ಆ ಸ್ಕ್ಯಾನನ್ನು ಅಡಿಗಿಟ್ಟುಕೊಂಡು ಇಲಸ್ಟ್ರೇಟರ್ ಅಥವಾ ಇಂಕ್‌ಸ್ಕೇಪಿನಲ್ಲಿ ಪ್ರತಿ ಗೆರೆಯನ್ನೂ ಮತ್ತೆ ಎಳೆಯುತ್ತಾರೆ. ಇದು ವೆಕ್ಟರ್ ಚಿತ್ರ. ಚುಕ್ಕೆಗಳ ಬದಲು ವಕ್ರರೇಖೆಗಳ ಗಣಿತ ಇರುವುದರಿಂದ ಎಷ್ಟು ಹಿಗ್ಗಿಸಿದರೂ ಅಂಚು ಒಡೆಯುವುದಿಲ್ಲ. ಗೆರೆಯನ್ನು ತಾನೇ ಹುಡುಕಿ ಎಳೆಯುವ ಸೌಲಭ್ಯ ಈ ತಂತ್ರಾಂಶಗಳಲ್ಲಿ ಇದೆ. ಆದರೆ ಅದಕ್ಕೆ ಕಲಾವಿದನ ಕುಂಚದ ತಿರುವೂ ಒಂದೇ, ಧೂಳಿನ ಕಲೆಯೂ ಒಂದೇ. ಕೊನೆಗೆ ಕೈಯೇ ಗತಿ.

ಬಣ್ಣದ್ದು ಇನ್ನೊಂದು ಕತೆ. ಆ ಕಾಲದ ಆರ್ಕೇಡ್ ಚಿತ್ರಗಳಲ್ಲಿ ಬಹುಪಾಲು ಸ್ಕ್ರೀನ್ ಪ್ರಿಂಟಿಂಗ್‌ನವು. ಲಗ್ನಪತ್ರಿಕೆ ಅಚ್ಚು ಹಾಕುವ ಅಂಗಡಿಯಲ್ಲಿ ಹತ್ತು ನಿಮಿಷ ನಿಂತವರಿಗೂ ಇದರ ರೀತಿ ಗೊತ್ತು. ಬಿಗಿದ ಜಾಲರಿ ಬಟ್ಟೆಯ ಮೇಲೆ ಶಾಯಿ ಸುರಿದು ಸ್ಕ್ವೀಜಿಯಿಂದ ಎಳೆದರೆ, ತೆರೆದ ಜಾಗದಲ್ಲಿ ಮಾತ್ರ ಶಾಯಿ ಇಳಿಯುತ್ತದೆ. ಒಂದು ಬಣ್ಣಕ್ಕೆ ಒಂದು ಸ್ಕ್ರೀನು. ಏಳು ಬಣ್ಣವಾದರೆ ಏಳು ಸಲ, ಪ್ರತಿ ಸಲವೂ ಕೂದಲೆಳೆಯಷ್ಟೂ ಸರಿಯದಂತೆ. ಕೆಂಪು ಎಂದರೆ ಡಬ್ಬಿಯಲ್ಲೇ ಕಲಸಿಟ್ಟ ಕೆಂಪು ಶಾಯಿ. ಇಂದಿನ ಡಿಜಿಟಲ್ ಯಂತ್ರ, ಅಂದರೆ ನಮ್ಮೂರಿನ ಫ್ಲೆಕ್ಸ್ ಅಂಗಡಿಗಳಲ್ಲಿ ಇರುವ ದೊಡ್ಡ ಇಂಕ್‌ಜೆಟ್ಟಿನ ಜಾತಿಯದೇ, ಮುಖ್ಯವಾಗಿ ನಾಲ್ಕು ಶಾಯಿಗಳ ಸಣ್ಣ ಹನಿಗಳನ್ನು ಪಕ್ಕಪಕ್ಕ ಸಿಂಪಡಿಸಿ ಕೆಂಪಿನ ಭ್ರಮೆ ಹುಟ್ಟಿಸುತ್ತದೆ. ದೂರಕ್ಕೆ ಎರಡೂ ಒಂದೇ. ಹತ್ತಿರ ಹೋದರೆ ಒಂದು ಅರಿಶಿನ ಬಳಿದ ಗೋಡೆ, ಇನ್ನೊಂದು ಪತ್ರಿಕೆಯ ಫೋಟೊ. ಹೊಳೆಯುವ ಫ್ಲೋರೆಸೆಂಟ್ ಬಣ್ಣ, ಬೆಳ್ಳಿ ಬಣ್ಣ ಈ ನಾಲ್ಕು ಶಾಯಿಗೆ ದಕ್ಕುವುದೇ ಇಲ್ಲ. 1982ರ ‘ಟ್ರಾನ್’ ಯಂತ್ರದ ಚಿತ್ರಗಳು ಅತಿನೇರಳೆ ದೀಪದ ಕೆಳಗೆ ಉರಿಯುವಂತೆ ಮಾಡಿದವು. ಸಾಮಾನ್ಯ ಪ್ರಿಂಟ್ ಹಾಕಿದ ಟ್ರಾನ್ ಆ ದೀಪದಡಿ ಸಪ್ಪಗೆ ನಿಲ್ಲುತ್ತದೆ.

ಹಾಗಾದರೆ ಎಲ್ಲರೂ ಸ್ಕ್ರೀನ್ ಪ್ರಿಂಟೇ ಮಾಡಿಸಬಾರದೇಕೆ? ಒಂದು ಪ್ರತಿಗೂ ನೂರು ಪ್ರತಿಗೂ ಸ್ಕ್ರೀನ್ ಸಿದ್ಧಪಡಿಸುವ ಖರ್ಚು ಒಂದೇ. ಅದಕ್ಕೇ ಒಂದೇ ಆಟದ ಹುಚ್ಚಿನವರು ಚೀಟಿ ಹಾಕುವವರಂತೆ ಗುಂಪುಗೂಡಿ, ಮುಂಗಡ ಕಟ್ಟಿ, ಒಟ್ಟಿಗೆ ಅಚ್ಚು ಹಾಕಿಸುತ್ತಾರೆ. ಒಂಟಿ ಹವ್ಯಾಸಿಗೆ ಡಿಜಿಟಲ್ಲೇ ಆಸರೆ.

ಗಾಜಿನ ಹಿಂದಿನಿಂದ

ಮಾರ್ಕೀ, ಕಂಟ್ರೋಲ್ ಪ್ಯಾನೆಲ್‌ಗಳದ್ದು ಬೇರೆಯೇ ಜಾಣ್ಮೆ. ಅಂಗೈ ಸದಾ ಉಜ್ಜುವ ಜಾಗದಲ್ಲಿ ಶಾಯಿ ಮೇಲಿದ್ದರೆ ತಿಂಗಳಲ್ಲಿ ಅಳಿಸಿಹೋಗುತ್ತದೆ. ಆದ್ದರಿಂದ ಲೆಕ್ಸಾನಿನಂಥ ಗಟ್ಟಿ ಪಾಲಿಕಾರ್ಬೊನೇಟ್ ಹಾಳೆಯ ಹಿಂಬದಿಗೆ ಕನ್ನಡಿ ಬಿಂಬದಂತೆ ತಿರುಗಿಸಿ ಅಚ್ಚು ಹಾಕುತ್ತಿದ್ದರು. ಮುಟ್ಟುವುದು ಪ್ಲಾಸ್ಟಿಕ್ಕನ್ನು, ಕಾಣುವುದು ಅದರ ಹಿಂದಿನ ಚಿತ್ರ. ಹೀಗೆ ಮಾಡುವಾಗ ಅಚ್ಚಿನ ಕ್ರಮವೇ ತಲೆಕೆಳಗು. ಮೊದಲು ಕಪ್ಪು ಗೆರೆ ಮತ್ತು ಅಕ್ಷರ, ಆಮೇಲೆ ಮೈಬಣ್ಣಗಳು, ಎಲ್ಲಕ್ಕೂ ಕೊನೆಗೆ ಬಿಳಿ. ಮೈಸೂರು, ತಂಜಾವೂರುಗಳಲ್ಲಿ ಗಾಜಿನ ಹಿಂದೆ ದೇವರ ಪಟ ಬರೆಯುತ್ತಿದ್ದ ಚಿತ್ರಗಾರರಿಗೆ ಇದನ್ನು ವಿವರಿಸಬೇಕಾಗಿರಲಿಲ್ಲ. ಅವರೂ ಮೊದಲು ಕಣ್ಣು, ಒಡವೆ ಬರೆದು, ಆಮೇಲೆ ಮೈಬಣ್ಣ ತುಂಬಿ, ಹಿನ್ನೆಲೆಯನ್ನು ಕೊನೆಗೆ ಬಳಿಯುತ್ತಿದ್ದರು. ಮೊದಲ ಗೆರೆ ತಪ್ಪಿದರೆ ತಿದ್ದಲು ದಾರಿಯಿಲ್ಲ.

ಮಾರ್ಕೀಗೆ ಇದರ ಜೊತೆ ಬೆಳಕಿನ ಪರೀಕ್ಷೆ. ಮೇಜಿನ ಮೇಲೆ ಸೊಗಸಾಗಿ ಕಂಡ ಪ್ರಿಂಟಿನ ಹಿಂದೆ ದೀಪ ಹಚ್ಚಿದ ಕೂಡಲೇ ಬಂಡವಾಳ ಬಯಲಾಗುತ್ತದೆ. ಕಪ್ಪು ತೆಳುವಾಗಿದ್ದರೆ ಕಾಫಿ ಕಷಾಯದ ಬಣ್ಣಕ್ಕೆ ತಿರುಗುತ್ತದೆ. ಬಿಳಿಯ ಪದರ ಸಮನಾಗಿಲ್ಲದಿದ್ದರೆ ಟ್ಯೂಬಿನ ಗೀಟು ಹಾಗೇ ಕಾಣುತ್ತದೆ. ಟ್ಯೂಬಿನ ಬದಲು ನೀಲಿ ಛಾಯೆಯ ಎಲ್‌ಇಡಿ ಹಾಕಿದರೆ ಹಳದಿ ಹಸಿರಿನತ್ತ ವಾಲುತ್ತದೆ. ಅದಕ್ಕೇ ಅನುಭವಿಗಳು ಬಣ್ಣ ಒಪ್ಪಿಸುವುದು ದೀಪ ಹಚ್ಚಿಯೇ.

ಬದಿಯ ಚಿತ್ರಕ್ಕೆ ಅಂಟಿನ ವಿನೈಲ್. ಪ್ಯಾಕ್‌ಮ್ಯಾನ್ ಥರದ ಕೆಲವು ಪೆಟ್ಟಿಗೆಗಳ ಬದಿಗೆ ಮಾತ್ರ ಚಿತ್ರ ಬಿದ್ದದ್ದು ಸ್ಟಿಕ್ಕರಿನಿಂದಲ್ಲ, ನೇರ ಮರದ ಮೇಲಿನ ಬಣ್ಣದಿಂದ. ಅದನ್ನು ಸರಿಯಾಗಿ ಮಾಡಬೇಕೆನ್ನುವವರು ಇಂದಿಗೂ ಸ್ಟೆನ್ಸಿಲ್ ಹಚ್ಚಿ, ಒಂದೊಂದೇ ಬಣ್ಣ ಸಿಂಪಡಿಸಿ, ಒಣಗುವವರೆಗೆ ಕಾಯುತ್ತಾರೆ. ವಿನೈಲಿನ ದಾರಿಯಲ್ಲೂ ಅವಸರಕ್ಕೆ ಜಾಗವಿಲ್ಲ. ಸಾಲ್ವೆಂಟ್ ಶಾಯಿಯ ಪ್ರಿಂಟನ್ನು ಒಂದು ದಿನವಾದರೂ ಆರಲು ಬಿಡದೆ ಲ್ಯಾಮಿನೇಟ್ ಮಾಡಿದರೆ ಒಳಗೆ ಉಳಿದ ಆವಿ ಅಂಟನ್ನೇ ಕೆಡಿಸುತ್ತದೆ. ಮರದ ಗುಳಿಗಳನ್ನು ಕಾರಿನ ಪುಟ್ಟಿಯಿಂದ ತುಂಬಿ, ಉಜ್ಜಿ, ಬಣ್ಣ ಹೊಡೆದು ಒಣಗಿಸಿರಬೇಕು. ಬಿಟ್ಟ ಒಂದು ಹರಳೂ ಚಿತ್ರದ ಮೇಲೆ ಮೊಡವೆಯಂತೆ ಏಳುತ್ತದೆ. ಅಂಟಿಸುವಾಗ ಕೆಲವರು ಪಾತ್ರೆ ಸೋಪಿನ ನಾಲ್ಕು ಹನಿ ಬೆರೆಸಿದ ನೀರನ್ನು ಚಿಮುಕಿಸುತ್ತಾರೆ. ಹಾಳೆ ತಕ್ಷಣ ಹಿಡಿದುಕೊಳ್ಳದೆ, ಜಾರಿಸಿ ಸರಿಪಡಿಸಲು ಎಡೆ ಸಿಗುತ್ತದೆ. ಗಾಳಿ ಹೊರಹೋಗಲು ಅಂಟಿನಲ್ಲೇ ಸಣ್ಣ ಕಾಲುವೆಗಳಿರುವ ವಿನೈಲ್ ಆದರೆ ನೀರು ಬೇಡ. ಎರಡರಲ್ಲೂ ನಡುವಿನಿಂದ ಅಂಚಿಗೆ ಒತ್ತುತ್ತ ಹೋಗಬೇಕು, ಹಿಂದಿನ ಕಾಗದವನ್ನು ಒಮ್ಮೆಗೇ ಕೀಳಬಾರದು. ಆರಡಿ ಅಂಟಿನ ಹಾಳೆ ತನ್ನ ಮೇಲೆ ತಾನೇ ಮಡಚಿಕೊಂಡರೆ ಅದನ್ನು ಬಿಡಿಸುವ ಮಂತ್ರ ಯಾರಿಗೂ ಗೊತ್ತಿಲ್ಲ.

ತಿದ್ದುವ ಕೈ, ತಡೆಯುವ ಕೈ

ಇಷ್ಟೆಲ್ಲ ಕೈಚಳಕ ಬಂದ ಮೇಲೆ ಎದುರಾಗುವುದೇ ನಿಜವಾದ ಪರೀಕ್ಷೆ. ಮೂಲ ಚಿತ್ರದಲ್ಲಿ ತಪ್ಪುಗಳಿರುತ್ತವೆ. ಕೆಂಪು ತನ್ನ ಕಪ್ಪು ಗೆರೆಯಿಂದ ಕೂದಲೆಳೆಯಷ್ಟು ಆಚೆ ಚಾಚಿರುತ್ತದೆ. ಪ್ರೆಸ್ಸಿನವರ ಮಾತಿನಲ್ಲಿ ರಿಜಿಸ್ಟರ್ ತಪ್ಪಿರುತ್ತದೆ. ವೃತ್ತ ಪೂರ್ತಿ ದುಂಡಗಿರುವುದಿಲ್ಲ, ಯಾಕೆಂದರೆ ಅದನ್ನು ಎಳೆದದ್ದು ಮನುಷ್ಯನ ಕೈ. ಕಂಪ್ಯೂಟರಿನ ಮುಂದೆ ಕೂತವನಿಗೆ ಒಂದು ಕ್ಲಿಕ್ಕಿನಲ್ಲಿ ಅದನ್ನೆಲ್ಲ ನೇರ ಮಾಡಬಹುದು. ಮಾಡಬೇಕೇ?

ಶತಮಾನಗಳ ಕಲ್ಲಿನ ದೇಗುಲಕ್ಕೆ ಥಳಥಳಿಸುವ ಆಯಿಲ್ ಪೇಂಟ್ ಬಳಿದು ಜೀರ್ಣೋದ್ಧಾರದ ಫಲಕ ಹಾಕಿಸುವುದನ್ನು ನಾವು ಕಂಡಿದ್ದೇವೆ. ಬಳಿದವರಲ್ಲಿ ಭಕ್ತಿಗೆ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ಸುಮ್ಮನಿರುವ ಶಕ್ತಿಗೆ. ಆರ್ಕೇಡ್ ಚಿತ್ರದಲ್ಲೂ ಹೆಚ್ಚು ಹಾಳಾಗುವುದು ಪ್ರೀತಿಯಿಂದಲೇ. ಅಕ್ಷರದ ಹೆಚ್ಚುಕಡಿಮೆ ಅಂತರ ಸರಿಪಡಿಸಿ, ಚಪ್ಪಟೆ ಬಣ್ಣಕ್ಕೆ ನೆರಳು ಕೊಟ್ಟು, ಕಣ್ಣಿಗೊಂದು ಮಿಂಚಿಟ್ಟರೆ ನೋಡಲು ಚೆನ್ನಾಗಿಯೇ ಇರುತ್ತದೆ. ಆದರೆ ಅದು 1981ರ ಪೆಟ್ಟಿಗೆಯಲ್ಲ. ನಾಲ್ಕೇ ಬಣ್ಣದಲ್ಲಿ ಕೆಲಸ ಮುಗಿಸಬೇಕಾದ ಕಲಾವಿದ ಎಲ್ಲಿ ಉಳಿತಾಯ ಮಾಡಿದ, ಎಲ್ಲಿ ಕಪ್ಪನ್ನೇ ನೆರಳಾಗಿ ಬಳಸಿದ ಎಂಬ ಜಾಣತನ ಅದರಲ್ಲಿ ಅಳಿಸಿಹೋಗಿರುತ್ತದೆ. ಆ ಕಲಾವಿದರಲ್ಲಿ ಹೆಚ್ಚಿನವರ ಹೆಸರು ಪೆಟ್ಟಿಗೆಯ ಮೇಲೆ ಇರುತ್ತಿರಲಿಲ್ಲ. ಅಟಾರಿಯ ಮೂರು ಗೆರೆಯ ಲಾಂಛನ ಕೊಟ್ಟ ಜಾರ್ಜ್ ಆಪರ್‌ಮನ್ ಅಂಥವರು ಹೆಸರಿನಿಂದ ಉಳಿದರು, ಮಿಕ್ಕ ಎಷ್ಟೋ ಜನ ಗೆರೆಯಿಂದ ಮಾತ್ರ ಉಳಿದಿದ್ದಾರೆ. ಆ ಗೆರೆಯನ್ನೂ ತಿದ್ದಿದರೆ ಅವರ ಗುರುತೇನು ಉಳಿಯಿತು?

ಕಾನೂನಿನ ಮಾತೂ ಇದೆ. ಈ ಚಿತ್ರಗಳು ಹಳೆಯವಾದರೂ ಅನಾಥವಲ್ಲ. ಅಮೆರಿಕದಲ್ಲಿ ಕಂಪನಿಗಾಗಿ ಮಾಡಿಸಿದ ಕೃತಿಯ ಹಕ್ಕು ಪ್ರಕಟಣೆಯಿಂದ 95 ವರ್ಷ. ಆ ಲೆಕ್ಕದಲ್ಲಿ 1980ರ ಚಿತ್ರಕ್ಕೆ 2075ರ ಕೊನೆಯವರೆಗೂ ಒಡೆಯರಿರುತ್ತಾರೆ. ತನ್ನೊಂದು ಪೆಟ್ಟಿಗೆಗೆ ಹಚ್ಚಿಕೊಳ್ಳುವುದು ಮತ್ತು ನೂರು ಪ್ರತಿ ಮಾಡಿ ಮಾರುವುದು ಒಂದೇ ತೂಕದ ಕೆಲಸವಲ್ಲ ಎಂಬುದನ್ನು ಅಚ್ಚು ಹಾಕುವ ಮೊದಲೇ ನೆನೆಯುವುದು ಒಳ್ಳೆಯದು.

ಇನ್ನೊಂದು ವಿಚಿತ್ರ. ಆರ್ಕೇಡುಗಳಲ್ಲಿ ಯಂತ್ರಗಳು ಹೆಗಲಿಗೆ ಹೆಗಲು ತಾಗಿಸಿ ಸಾಲಾಗಿ ನಿಲ್ಲುತ್ತಿದ್ದವು. ಬದಿಯ ಚಿತ್ರ ಪೂರ್ತಿ ಕಾಣುತ್ತಿದ್ದದ್ದು ಸಾಲಿನ ತುದಿಯ ಯಂತ್ರದ್ದು ಮಾತ್ರ. ಅಷ್ಟು ಕಷ್ಟಪಟ್ಟು ಬರೆದ ರಾಕ್ಷಸರು ತಮ್ಮ ಆಯಸ್ಸಿನ ಬಹುಭಾಗವನ್ನು ಪಕ್ಕದ ಪೆಟ್ಟಿಗೆಯ ಕತ್ತಲಲ್ಲಿ ಕಳೆದರು. ಈಗ ಯಾರದೋ ಮನೆಯ ನಡುಕೋಣೆಯಲ್ಲಿ ಒಂಟಿಯಾಗಿ ನಿಂತಾಗಲೇ ಅವರಿಗೆ ಪೂರ್ತಿ ಬೆಳಕು ಸಿಕ್ಕಿರುವುದು. ಅದೇ ಬೆಳಕು ಅವರನ್ನು ಮತ್ತೆ ಬಿಳಿಚಿಸಲೂ ತೊಡಗುತ್ತದೆ. ಲ್ಯಾಮಿನೇಷನ್ ಆ ಕೆಲಸವನ್ನು ನಿಧಾನಿಸುತ್ತದೆಯೇ ಹೊರತು ನಿಲ್ಲಿಸುವುದಿಲ್ಲ.

ಹಾಗಾಗಿ ಹೊಸ ಮಾರ್ಕೀ ಕೂರಿಸಿ ಲೋಹದ ಪಟ್ಟಿಯ ಸ್ಕ್ರೂ ಬಿಗಿಯುವ ಮೊದಲು ಒಂದು ಸಣ್ಣ ಕೆಲಸ ಮಾಡಬಹುದು. ಪಟ್ಟಿಯ ಅಡಿಗೆ ಹೋಗುವ ಅಂಚಿನಲ್ಲಿ, ಯಾರಿಗೂ ಕಾಣದಂತೆ, ಇದು ಮರುಮುದ್ರಣ ಎಂದೂ ಅಚ್ಚಾದ ವರ್ಷ ಯಾವುದೆಂದೂ ಬರೆದಿಡಬಹುದು. ಇನ್ನು ನಲವತ್ತು ವರ್ಷಕ್ಕೆ ಯಾರೋ ಆ ಸ್ಕ್ರೂ ಬಿಚ್ಚುತ್ತಾರೆ. ಅವರು ಹುಡುಕುವುದೂ ಬೆರಳಗಲದ ಆ ಕೆಂಪನ್ನೇ.